ಸಂಪುಟ ಸಭೆಯಲ್ಲಿ ಹಾಡಿದ ಅನಾಥೆ

ಶ್ವೇತಭವನದಲ್ಲಿ ಸಂಪುಟ ಸಭೆ ನಡೆದಿದೆ. ದೇಶದಲ್ಲಿ ನಾಲ್ವರು ದುಡಿಮೆಗಾರರಲ್ಲಿ ಒಬ್ಬರಿಗೆ ಕೆಲಸವಿಲ್ಲ. ಬಾಯಿ ತೆರೆದವರೆಲ್ಲ ಕೆಟ್ಟ ಸುದ್ದಿಯನ್ನೇ ಹೇಳುತ್ತಿದ್ದಾರೆ. ಅಷ್ಟರಲ್ಲಿ, ಯಾರೋ ಕರೆತಂದಿದ್ದ ಹನ್ನೊಂದು ವರ್ಷದ ಕೆಂಗೂದಲ ಹುಡುಗಿಯೊಬ್ಬಳು ಮೆಲ್ಲಗೆ ಹಾಡತೊಡಗುತ್ತಾಳೆ. ಮಂತ್ರಿಗಳು ಸಿಡುಕುತ್ತಾರೆ. ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಅವರಿಗೆ ಮಾತ್ರ ಹಾಡು ಹಿಡಿಸಿಬಿಡುತ್ತದೆ. ಎಲ್ಲರೂ ದನಿಗೂಡಿಸಬೇಕೆಂದು ಅಪ್ಪಣೆಯಾಗುತ್ತದೆ. ಅಮೆರಿಕದ ಸಂಪುಟ ಸೇರಿದ ಮೊದಲ ಮಹಿಳೆ ಫ್ರಾನ್ಸಿಸ್ ಪರ್ಕಿನ್ಸ್ ಹಾಡುತ್ತಾರೆ. ಗೊಣಗುತ್ತ ಕೂತಿದ್ದ ಮಂತ್ರಿ ಹೆರಾಲ್ಡ್ ಇಕಿಸ್ ಕೂಡ ಕೊನೆಗೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಹಾಡು ಮುಗಿಯುವಷ್ಟರಲ್ಲಿ ದೇಶವನ್ನು ಮೇಲೆತ್ತುವ ಯೋಜನೆಯೊಂದು ಮೊಳಕೆಯೊಡೆದಿರುತ್ತದೆ.

ಇತಿಹಾಸದಲ್ಲಿ ಹೀಗೆ ನಡೆದಿಲ್ಲ, ಬಿಡಿ. ನಡೆಯುವುದು ‘ಆ್ಯನಿ’ ಎಂಬ ಸಂಗೀತ ನಾಟಕದಲ್ಲಿ. 1977ರ ಏಪ್ರಿಲ್ 21ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ, ಆಲ್ವಿನ್ ಥಿಯೇಟರಿನಲ್ಲಿ ಇದರ ಪರದೆ ಎದ್ದಿತು. ಅದು ಕೊನೆಯದಾಗಿ ಇಳಿದದ್ದು 1983ರ ಜನವರಿ 2ರಂದು, 2,377 ಪ್ರದರ್ಶನಗಳ ನಂತರ. ಅಷ್ಟರೊಳಗೆ ಅತ್ಯುತ್ತಮ ಸಂಗೀತ ನಾಟಕವೆಂಬ ಪ್ರಶಸ್ತಿಯೂ ಸೇರಿ ಏಳು ‘ಟೋನಿ’ಗಳು ಇದರ ಪಾಲಾಗಿದ್ದವು.

ಮಕ್ಕಳ ನಾಟಕವೆಂದರೆ ರಾಜಕುಮಾರಿ, ಮಾತಾಡುವ ಮೊಲ, ಕೊನೆಗೊಂದು ನೀತಿ ಎಂದುಕೊಂಡವರಿಗೆ ‘ಆ್ಯನಿ’ ಸ್ವಲ್ಪ ತಬ್ಬಿಬ್ಬು ಮಾಡುವಂಥದ್ದು. ಇಲ್ಲಿ ನಿರುದ್ಯೋಗವಿದೆ, ಬೀದಿಗೆ ಬಿದ್ದ ಸಂಸಾರಗಳಿವೆ, ಕುಡುಕಿ ಮೇಲ್ವಿಚಾರಕಿ ಇದ್ದಾಳೆ, ದುಡ್ಡಿಗಾಗಿ ಹುಡುಗಿಯನ್ನು ಮುಗಿಸಿಬಿಡಲು ಹೇಸದ ಕಳ್ಳರಿದ್ದಾರೆ. ಇಷ್ಟಿದ್ದೂ ಇದನ್ನು ಎಂಟು ವರ್ಷದ ಮಕ್ಕಳು ಬಾಯಿಪಾಠ ಮಾಡಿಕೊಂಡು ಶಾಲೆಯ ವೇದಿಕೆಯಲ್ಲಿ ಆಡುತ್ತಾರೆ. ಕಷ್ಟವನ್ನು ಬಚ್ಚಿಡದೆ ಹೇಳಿದ್ದೇ ಈ ನಾಟಕ ಉಳಿದು ಬಂದದ್ದಕ್ಕೆ ಮುಖ್ಯ ಕಾರಣ. ಅದರ ಜೊತೆಗೆ ಒಂದು ತಮಾಷೆಯೂ ಇದೆ. ಯಾವ ಮೂಲದಿಂದ ಈ ನಾಟಕ ಹುಟ್ಟಿತೋ ಆ ಮೂಲದ ರಾಜಕೀಯಕ್ಕೆ ಇದು ಪೂರಾ ತಿರುಗಿ ನಿಂತಿದೆ.

ಮೂಲವೆಂದರೆ ಹೆರಾಲ್ಡ್ ಗ್ರೇ ಬರೆಯುತ್ತಿದ್ದ ‘ಲಿಟ್ಲ್ ಆರ್ಫನ್ ಆ್ಯನಿ’ ಎಂಬ ಚಿತ್ರಪಟ್ಟಿ. 1924ರ ಆಗಸ್ಟ್ 5ರಂದು ನ್ಯೂಯಾರ್ಕಿನ ‘ಡೈಲಿ ನ್ಯೂಸ್’ ಪತ್ರಿಕೆಯಲ್ಲಿ ಅದು ಶುರುವಾಯಿತು. ಗ್ರೇ ಮೊದಲು ಯೋಚಿಸಿದ್ದು ಅನಾಥ ಹುಡುಗನೊಬ್ಬನ ಕಥೆಯನ್ನು. ಪತ್ರಿಕೆಯ ಯಜಮಾನ ಜೋಸೆಫ್ ಪ್ಯಾಟರ್ಸನ್ ಹುಡುಗಿಯೇ ಇರಲಿ ಎಂದರು. ಗುಂಗುರು ಕೂದಲು, ಕೆಂಪು ಅಂಗಿ, ಜೊತೆಗೊಂದು ನಾಯಿ, ಪಾಪೆಗಳೇ ಇಲ್ಲದ ಖಾಲಿ ದುಂಡು ಕಣ್ಣುಗಳು. ಇಷ್ಟರಲ್ಲೇ ಆ್ಯನಿ ಮನೆಮಾತಾದಳು. ಅವಳನ್ನು ಸಾಕಿಕೊಂಡ ‘ಡ್ಯಾಡಿ’ ವಾರ್‌ಬಕ್ಸ್ ಮೊದಲ ಮಹಾಯುದ್ಧದ ಕಾಲಕ್ಕೆ ಮದ್ದುಗುಂಡು ಮಾರಿ ದುಡ್ಡು ಮಾಡಿದ ಬೋಳುತಲೆಯ ಕುಬೇರ.

ಗ್ರೇಗೆ ಸರ್ಕಾರ ಬಡವರ ಕೈ ಹಿಡಿದು ನಡೆಸುವುದು ಸುತರಾಂ ಒಪ್ಪಿಗೆಯಿರಲಿಲ್ಲ. ಬಡವ ಮೈಬಗ್ಗಿಸಿ ದುಡಿಯಬೇಕು, ಒಳ್ಳೆಯ ಶ್ರೀಮಂತ ಅವನಿಗೆ ಆಸರೆಯಾಗಬೇಕು, ನಡುವೆ ಸರ್ಕಾರಕ್ಕೇನು ಕೆಲಸ ಎಂಬುದು ಅವರ ನಿಲುವು. ರೂಸ್‌ವೆಲ್ಟ್ ಅವರ ‘ನ್ಯೂ ಡೀಲ್’ ಕಾರ್ಯಕ್ರಮಗಳನ್ನು ಅವರು ಚಿತ್ರಪಟ್ಟಿಯಲ್ಲೇ ಕುಟುಕುತ್ತಿದ್ದರು. 1944ರಲ್ಲಿ ಸಿಟ್ಟು ಎಷ್ಟು ಏರಿತೆಂದರೆ, ಇಂಥ ಕಾಲದಲ್ಲಿ ತನ್ನಂಥವನಿಗೆ ಬದುಕಿಲ್ಲ ಎಂಬಂತೆ ವಾರ್‌ಬಕ್ಸ್‌ನನ್ನು ಸಾಯಿಸಿಯೇ ಬಿಟ್ಟರು. ಮರುವರ್ಷ ಏಪ್ರಿಲ್‌ನಲ್ಲಿ ನಿಜದ ರೂಸ್‌ವೆಲ್ಟ್ ತೀರಿಕೊಂಡ ಮೇಲೆ ಕಾಗದದ ವಾರ್‌ಬಕ್ಸ್ ಮತ್ತೆ ಜೀವಂತವಾಗಿ ಎದ್ದು ಬಂದ. ಅಂಥ ಗ್ರೇ 1968ರಲ್ಲಿ ಕಣ್ಮುಚ್ಚಿದರು. ಒಂಬತ್ತು ವರ್ಷದ ಬಳಿಕ ಅದೇ ಆ್ಯನಿ ರೂಸ್‌ವೆಲ್ಟ್‌ಗೆ ಹುರುಪು ತುಂಬಿ ‘ನ್ಯೂ ಡೀಲ್’ಗೆ ನಾಂದಿ ಹಾಡುವುದನ್ನು ನೋಡಲು ಅವರು ಇರಲಿಲ್ಲ. ಇದ್ದಿದ್ದರೆ ಅನುಮತಿ ಸಿಗುತ್ತಿತ್ತೋ ಇಲ್ಲವೋ!

ಈ ಚಿತ್ರಪಟ್ಟಿಯಲ್ಲಿ ಭಾರತೀಯನೊಬ್ಬನೂ ಇದ್ದ. 1935ರಲ್ಲಿ ಕಾಣಿಸಿಕೊಂಡ ಅವನ ಹೆಸರೇ ‘ಪಂಜಾಬ್’. ಪೇಟ ಸುತ್ತಿದ ದೈತ್ಯದೇಹಿ, ವಾರ್‌ಬಕ್ಸ್‌ನ ಬಲಗೈ ಬಂಟ. ಕೈಲಿದ್ದ ವಸ್ತ್ರವನ್ನು ವೈರಿಯ ಮೇಲೆ ಹೊದಿಸಿದರೆ ಸಾಕು, ಆಸಾಮಿ ಮಾಯ. ಪೂರ್ವದೇಶವೆಂದರೆ ಮಂತ್ರ-ತಂತ್ರ ಎಂದೇ ನಂಬಿದ್ದ ಕಾಲದ ಕಲ್ಪನೆ ಅದು. ಪ್ರಾಂತದ ಹೆಸರನ್ನೇ ಮನುಷ್ಯನಿಗೆ ಇಟ್ಟದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ. ರಂಗದ ಮೇಲೆ ಪಂಜಾಬ್‌ಗೆ ಜಾಗ ಸಿಗಲಿಲ್ಲ. 1982ರ ಸಿನಿಮಾದಲ್ಲಿ ಮಾತ್ರ ಅವನು ಮರಳಿ ಬಂದ. ಪಾತ್ರ ಮಾಡಿದ್ದು ಟ್ರಿನಿಡಾಡ್ ಮೂಲದ ನೃತ್ಯಪಟು ಜೆಫ್ರಿ ಹೋಲ್ಡರ್.

ನಾಟಕದ ಹುಟ್ಟು ಒಂದು ಉಡುಗೊರೆಯಿಂದ. 1971ರ ಕ್ರಿಸ್‌ಮಸ್‌ಗೆ ಸ್ನೇಹಿತರೊಬ್ಬರಿಗೆ ಕೊಡಲೆಂದು ಗೀತರಚನೆಕಾರ ಮಾರ್ಟಿನ್ ಚಾರ್ನಿನ್ ಈ ಚಿತ್ರಪಟ್ಟಿಯ ಸಂಕಲನವೊಂದನ್ನು ಕೊಂಡರು. ಕೊಡುವ ಮುನ್ನ ತಾವೇ ಓದತೊಡಗಿದರು. ಪುಸ್ತಕ ಸ್ನೇಹಿತರ ಕೈ ಸೇರಲೇ ಇಲ್ಲ, ಅದನ್ನು ಸಂಗೀತ ನಾಟಕ ಮಾಡುವ ಯೋಚನೆ ಚಾರ್ನಿನ್‌ಗೆ ಹೊಳೆಯಿತು. ಸಂಗೀತಕ್ಕೆ ಚಾರ್ಲ್ಸ್ ಸ್ಟ್ರೌಸ್, ಕಥೆ-ಸಂಭಾಷಣೆಗೆ ‘ನ್ಯೂಯಾರ್ಕರ್’ ಪತ್ರಿಕೆಯ ಹಾಸ್ಯಲೇಖಕ ಥಾಮಸ್ ಮೀಹನ್. ಇಬ್ಬರಿಗೂ ಮೊದಲು ಈ ಯೋಚನೆ ರುಚಿಸಲಿಲ್ಲ. ಕಾಮಿಕ್ಸ್ ತಂದು ಬ್ರಾಡ್‌ವೇಯಲ್ಲಿ ಹಾಡಿಸುವುದೆಂದರೆ ಏನು ಎಂಬ ಅನುಮಾನ. ಮೀಹನ್ ಗ್ರೇ ಬರೆದದ್ದನ್ನೆಲ್ಲ ಓದಿ, ಅದರಿಂದ ಎತ್ತಿಕೊಂಡದ್ದು ಆ್ಯನಿ, ವಾರ್‌ಬಕ್ಸ್ ಮತ್ತು ಸ್ಯಾಂಡಿ ಎಂಬ ನಾಯಿಯನ್ನು ಮಾತ್ರ. ಉಳಿದದ್ದೆಲ್ಲ ಅವರದೇ. ಅವರ ಮನಸ್ಸಿನಲ್ಲಿ ಚಾರ್ಲ್ಸ್ ಡಿಕನ್ಸ್ ಇದ್ದ. ಆಲಿವರ್ ಟ್ವಿಸ್ಟ್‌ನಂಥ ಒಬ್ಬ ಅಮೆರಿಕನ್ ಹುಡುಗಿ, ಲಂಡನ್ನಿನ ಬದಲು 1933ರ ನ್ಯೂಯಾರ್ಕ್, ಕೊರೆಯುವ ಚಳಿಯ ಡಿಸೆಂಬರ್.

ಕಥೆ ಇಷ್ಟು. ಸರ್ಕಾರಿ ಅನಾಥಾಲಯದಲ್ಲಿರುವ ಆ್ಯನಿಯ ಬಳಿ ಅರ್ಧ ಲಾಕೆಟ್ ಇದೆ, ಮರಳಿ ಬಂದು ಕರೆದೊಯ್ಯುತ್ತೇವೆಂದು ತಂದೆತಾಯಿ ಬರೆದಿಟ್ಟ ಚೀಟಿಯಿದೆ. ಮೇಲ್ವಿಚಾರಕಿ ಮಿಸ್ ಹ್ಯಾನಿಗನ್‌ಳ ಕಣ್ಣು ತಪ್ಪಿಸಿ, ಬಟ್ಟೆ ಒಯ್ಯುವ ಗಾಡಿಯಲ್ಲಿ ಅವಿತು ಅವಳು ಪರಾರಿಯಾಗುತ್ತಾಳೆ. ಬೀದಿಯಲ್ಲಿ ನಾಯಿ ಸಿಗುತ್ತದೆ, ನಿರ್ಗತಿಕರ ಜೋಪಡಿಗಳಲ್ಲಿ ಒಂದಿಷ್ಟು ಬಿಸಿ ಊಟ ಸಿಗುತ್ತದೆ, ಕೊನೆಗೆ ಪೊಲೀಸರು ಸಿಗುತ್ತಾರೆ. ಅತ್ತ ವಾರ್‌ಬಕ್ಸ್‌ನ ಕಾರ್ಯದರ್ಶಿ ಗ್ರೇಸ್, ಕ್ರಿಸ್‌ಮಸ್‌ಗೆಂದು ಎರಡು ವಾರ ಮನೆಯಲ್ಲಿಟ್ಟುಕೊಳ್ಳಲು ಒಂದು ಅನಾಥ ಮಗುವನ್ನು ಹುಡುಕಿಕೊಂಡು ಬರುತ್ತಾಳೆ. ಅನಾಥ ಎಂದರೆ ಹುಡುಗನೇ ಎಂದುಕೊಂಡಿದ್ದ ವಾರ್‌ಬಕ್ಸ್‌ಗೆ ಎದುರಾಗುವುದು ಆ್ಯನಿ. ಅವನು ದತ್ತು ಪಡೆಯುತ್ತೇನೆ ಎಂದರೆ ಇವಳು ತನಗೆ ಅಪ್ಪ-ಅಮ್ಮನೇ ಬೇಕು ಎನ್ನುತ್ತಾಳೆ. ರೇಡಿಯೋದಲ್ಲಿ ಐವತ್ತು ಸಾವಿರ ಡಾಲರ್ ಬಹುಮಾನದ ಘೋಷಣೆಯಾದದ್ದೇ ತಡ, ‘ತಂದೆತಾಯಿ’ಗಳ ಸಾಲು ಹನುಮಂತನ ಬಾಲದಂತೆ ಬೆಳೆಯುತ್ತದೆ. ಅವರಲ್ಲಿ ಹ್ಯಾನಿಗನ್‌ಳ ತಮ್ಮ ರೂಸ್ಟರ್ ಮತ್ತು ಅವನ ಗೆಳತಿಯೂ ವೇಷ ಹಾಕಿ ನಿಂತಿರುತ್ತಾರೆ. ವಂಚನೆ ಬಯಲಾಗುತ್ತದೆ. ಆ್ಯನಿಯ ನಿಜವಾದ ಹೆತ್ತವರು ಎಂದೋ ತೀರಿಹೋಗಿದ್ದಾರೆಂಬ ಸುದ್ದಿಯೂ ಬರುತ್ತದೆ.

ಮಕ್ಕಳ ನಾಟಕವೊಂದರಲ್ಲಿ ಈ ಸುದ್ದಿಯನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಸಣ್ಣ ಮಾತಲ್ಲ. ಲಾಕೆಟ್ಟಿನ ಇನ್ನರ್ಧ ಹಿಡಿದು ತಾಯಿ ಬಾಗಿಲಲ್ಲಿ ನಿಂತಳೆಂದು ಬರೆದುಬಿಡುವುದು ಸುಲಭವಿತ್ತು. ಮೀಹನ್ ಅದಕ್ಕೆ ಕೈಹಾಕಲಿಲ್ಲ. ಇಲ್ಲಿ ಇನ್ನೊಂದು ನಿಜವೂ ಅಡಗಿದೆ. ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ಅಮೆರಿಕದ ಅನಾಥಾಲಯಗಳಲ್ಲಿದ್ದ ಎಷ್ಟೋ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. ಸಾಕಲಾಗದೆ, ಕಾಲ ತಿರುಗಿದ ಮೇಲೆ ಕರೆದೊಯ್ಯುವ ಆಸೆಯಿಂದ ಬಿಟ್ಟುಹೋದವರು ಅವರು. ಆ್ಯನಿಯ ಚೀಟಿ ಬರೀ ನಾಟಕೀಯ ತಂತ್ರವಲ್ಲ.

ಜೋಪಡಿಗಳ ದೃಶ್ಯವೂ ಹಾಗೆಯೇ. ಹಿಂದಿನ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರನ್ನು ಹಂಗಿಸಿ ಜನ ಅಂಥ ಕೊಳೆಗೇರಿಗಳನ್ನು ‘ಹೂವರ್‌ವಿಲ್’ ಎನ್ನುತ್ತಿದ್ದರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಒಳಗೇ ಅಂಥದ್ದೊಂದು ಎದ್ದಿತ್ತು. ನಾಟಕದಲ್ಲಿ ಅಲ್ಲಿಯ ನಿವಾಸಿಗಳು ಮೇಳವಾಗಿ ನಿಂತು, ತಮ್ಮನ್ನು ಈ ಗತಿಗೆ ತಂದದ್ದಕ್ಕೆ ಹೂವರ್‌ಗೆ ವ್ಯಂಗ್ಯವಾಗಿ ಕೃತಜ್ಞತೆ ಹೇಳುತ್ತಾರೆ. ಲಯ ಕುಣಿಯುವಂಥದ್ದು, ಮಾತು ಕುಟುಕುವಂಥದ್ದು. ಮಕ್ಕಳು ಕಾಲು ಕುಣಿಸುತ್ತಾರೆ, ಪಕ್ಕದಲ್ಲಿ ಕೂತ ಅಜ್ಜನಿಗೆ ತನ್ನ ಬಾಲ್ಯ ನೆನಪಾಗುತ್ತದೆ. 1977ರ ಪ್ರೇಕ್ಷಕರಿಗೆ ಇದು ಹಳೆಯ ಕಾಲದ ಕಥೆ ಮಾತ್ರವೂ ಆಗಿರಲಿಲ್ಲ. ಎರಡು ವರ್ಷಗಳ ಹಿಂದಷ್ಟೇ ನ್ಯೂಯಾರ್ಕ್ ನಗರವೇ ದಿವಾಳಿಯ ಅಂಚಿಗೆ ಹೋಗಿ ಬಂದಿತ್ತು.

ಇತಿಹಾಸದ ಲೆಕ್ಕ ಹಿಡಿದರೆ ಮೀಹನ್ ಸ್ವಲ್ಪ ಜಾರಿದ್ದಾರೆ. ನಾಟಕದ ಕಥೆ 1933ರ ಡಿಸೆಂಬರಿನದು; ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದದ್ದೂ ‘ನ್ಯೂ ಡೀಲ್’ ಶುರುವಾದದ್ದೂ ಅದೇ ವರ್ಷದ ಮಾರ್ಚ್‌ನಲ್ಲಿ. ಪೋಲಿಯೊದಿಂದ ಕಾಲು ಸೋತಿದ್ದ ರೂಸ್‌ವೆಲ್ಟ್ ಗಾಲಿಕುರ್ಚಿ ಜನರ ಕಣ್ಣಿಗೆ ಬೀಳದಂತೆ ಬಹಳ ಎಚ್ಚರ ವಹಿಸುತ್ತಿದ್ದರು. ರಂಗದ ರೂಸ್‌ವೆಲ್ಟ್ ರಾಜಾರೋಷವಾಗಿ ಅದರಲ್ಲೇ ಕೂತು ಬರುತ್ತಾರೆ. ಕೊನೆಯಲ್ಲಿ ದತ್ತಕದ ಕಾಗದಪತ್ರಕ್ಕೆಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಲೂಯಿಸ್ ಬ್ರ್ಯಾಂಡೈಸ್ ಖುದ್ದಾಗಿ ಮನೆಗೇ ಬಂದುಬಿಡುತ್ತಾರೆ. ಕುಬೇರರ ಮನೆಯಲ್ಲಿ ಏನೂ ನಡೆದೀತು!

ಬರೆದದ್ದೇನೋ ಆಯಿತು, ಹಣ ಹಾಕುವವರು ಸಿಗಲಿಲ್ಲ. ವರ್ಷಗಟ್ಟಲೆ ಕಾದ ಮೇಲೆ 1976ರ ಆಗಸ್ಟ್‌ನಲ್ಲಿ ಕನೆಕ್ಟಿಕಟ್ ರಾಜ್ಯದ ಈಸ್ಟ್ ಹ್ಯಾಡಮ್ ಊರಿನ ಗುಡ್‌ಸ್ಪೀಡ್ ಆಪೆರಾ ಹೌಸ್‌ನಲ್ಲಿ ಮೊದಲ ಪ್ರಯೋಗವಾಯಿತು. ಅಲ್ಲಿ ಆ್ಯನಿಯಾಗಿದ್ದವಳು ಕ್ರಿಸ್ಟನ್ ವಿಗಾರ್ಡ್. ದನಿ ಇಂಪಾಗಿತ್ತು, ಅಭಿನಯ ಮೃದುವಾಗಿತ್ತು. ಆ ಮೃದುತ್ವವೇ ತೊಡಕಾಯಿತು. ಅನಾಥಾಲಯದಲ್ಲಿ ಬೆಳೆದು ಬೀದಿಯಲ್ಲಿ ನಾಯಿ ಹಿಡಿಯುವವನನ್ನೇ ಎದುರಿಸಿ ನಿಲ್ಲುವ ಹುಡುಗಿ ಹಾಗಿರಲು ಸಾಧ್ಯವೇ? ಪ್ರದರ್ಶನಗಳು ಶುರುವಾಗಿ ವಾರ ಕಳೆಯುವಷ್ಟರಲ್ಲಿ ಅವಳನ್ನು ಬದಲಿಸಿದರು. ಅದೇ ತಂಡದಲ್ಲಿ ಜಗಳಗಂಟಿ ಅನಾಥೆಯ ಪಾತ್ರ ಮಾಡುತ್ತಿದ್ದ ಫಿಲಡೆಲ್ಫಿಯಾದ ಆ್ಯಂಡ್ರಿಯಾ ಮೆಕಾರ್ಡಲ್ ಆ್ಯನಿಯಾದಳು. ಗಂಟಲು ತುಂಬಿ ಬರುವ ಅವಳ ದನಿ ಹಿಂದಿನ ಸಾಲಿನ ಗೋಡೆಗೆ ತಾಗುವಂತಿತ್ತು. ನಾಟಕಕ್ಕೆ ಜೀವ ಬಂತು. ಸಿನಿಮಾ ನಿರ್ದೇಶಕ ಮೈಕ್ ನಿಕೊಲ್ಸ್ ನೋಡಿ ಮೆಚ್ಚಿ ಬ್ರಾಡ್‌ವೇಗೆ ತರಲು ಕೈಜೋಡಿಸಿದರು.

ಪಾತ್ರ ಕಳೆದುಕೊಂಡ ಹುಡುಗಿಯ ಮನಸ್ಸಿಗೆ ಏನಾಗಿರಬೇಡ? ವಿಗಾರ್ಡ್ ಬ್ರಾಡ್‌ವೇಯಲ್ಲಿ ಮೆಕಾರ್ಡಲ್‌ಗೆ ಬದಲಿ ನಟಿಯಾಗಿ ಉಳಿದುಕೊಂಡಳು. ಇಪ್ಪತ್ತು ವರ್ಷದ ನಂತರ, 1997ರ ಮರುಪ್ರಯೋಗದಲ್ಲೂ ಇದೇ ಕಥೆ ಮರುಕಳಿಸಿತು. ದೇಶವ್ಯಾಪಿ ಸ್ಪರ್ಧೆಯಲ್ಲಿ ಗೆದ್ದು ಬಂದಿದ್ದ ಬಾಲೆಯನ್ನು ಬ್ರಾಡ್‌ವೇ ತಲುಪುವ ಮುನ್ನವೇ ಕೈಬಿಟ್ಟರು. ಪತ್ರಿಕೆಗಳಲ್ಲಿ ದೊಡ್ಡ ರಾದ್ಧಾಂತವಾಯಿತು. ಅನಾಥೆಯ ಮೇಲೆ ಕರುಣೆ ಉಕ್ಕಿಸುವ ನಾಟಕದ ಬೆನ್ನಹಿಂದೆ ಮಕ್ಕಳ ಪಾಲಿಗೆ ಇಷ್ಟು ನಿಷ್ಠುರವಾದ ವ್ಯವಹಾರವಿದೆ ಎಂಬುದನ್ನು ಮರೆಯಲಾಗದು. ಎಷ್ಟೇ ಚೆನ್ನಾಗಿ ಹಾಡಿದರೂ ಆ್ಯನಿಯ ಪಾತ್ರ ಕೈಯಲ್ಲಿ ಬಹುಕಾಲ ಉಳಿಯುವುದಿಲ್ಲ. ಎತ್ತರ ಹೆಚ್ಚಿದರೆ, ದನಿ ಬಲಿತರೆ ಅವಳ ಸರದಿ ಮುಗಿದಂತೆ. ಮೊದಲ ಬ್ರಾಡ್‌ವೇ ಓಟದಲ್ಲೇ ಹೀಗೆ ಒಬ್ಬಳ ನಂತರ ಒಬ್ಬಳು ಬಂದರು. 1979ರಲ್ಲಿ ಸರದಿ ಸಿಕ್ಕವಳು ಸಾರಾ ಜೆಸ್ಸಿಕಾ ಪಾರ್ಕರ್, ಮುಂದೆ ಟಿವಿ ಧಾರಾವಾಹಿಯಿಂದ ಜಗತ್ಪ್ರಸಿದ್ಧಳಾದವಳು.

ಅದೃಷ್ಟ ಖುಲಾಯಿಸಿದ್ದು ನಾಯಿಗೆ. ಗುಡ್‌ಸ್ಪೀಡ್‌ನಲ್ಲಿ ಆಗ ವಿಲಿಯಂ ಬರ್ಲೋನಿ ಎಂಬ ಹುಡುಗ ಕೆಲಸ ಕಲಿಯುತ್ತಿದ್ದ. ನಟನಾಗುವ ಆಸೆ ಅವನದು. ಖರ್ಚಿಲ್ಲದೆ ಒಂದು ನಾಯಿ ಹುಡುಕಿ ಪಳಗಿಸಿದರೆ ಅವಕಾಶ ಕೊಡುತ್ತೇವೆಂದು ಹಿರಿಯರು ಆಸೆ ತೋರಿಸಿದರು. ಬೀಡಾಡಿ ಪ್ರಾಣಿಗಳನ್ನು ಇಡುವ ಕೇಂದ್ರದಲ್ಲಿ ಅವನಿಗೊಂದು ಕಂದು ನಾಯಿ ಸಿಕ್ಕಿತು. ಮರುದಿನ ಅದಕ್ಕೆ ಸಾವಿನ ಚುಚ್ಚುಮದ್ದು ಕೊಡುವುದಿತ್ತು. ಕೆಲವೇ ಡಾಲರ್ ತೆತ್ತು ಬಿಡಿಸಿ ತಂದ ಆ ಪ್ರಾಣಿಯೇ ಬ್ರಾಡ್‌ವೇಯ ಸ್ಯಾಂಡಿಯಾಯಿತು. ಬರ್ಲೋನಿ ನಟನಾಗಲಿಲ್ಲ, ಪ್ರಾಣಿಗಳ ತರಬೇತುದಾರನಾಗಿ ಹೆಸರಾದ. ಆಶ್ರಯ ತಪ್ಪಿದ ಪ್ರಾಣಿಗಳನ್ನೇ ಆರಿಸಿ ರಂಗಕ್ಕೆ ತರುವುದು ಅವನ ಪದ್ಧತಿಯಾಯಿತು, 2011ರಲ್ಲಿ ಟೋನಿ ಸಮಿತಿಯ ವಿಶೇಷ ಗೌರವವೂ ಸಂದಿತು.

ಹಾಡುಗಳ ವಿಷಯಕ್ಕೆ ಬಂದರೆ, ಜಗತ್ತಿಗೆ ಗೊತ್ತಿರುವುದು ‘ಟುಮಾರೊ’. ನಾಳೆಯ ಮೇಲೆ ಭರವಸೆಯಿಡುವ ಈ ಹಾಡಿನ ಧಾಟಿಯನ್ನು ಸ್ಟ್ರೌಸ್ 1970ರ ಒಂದು ಕಿರುಚಿತ್ರಕ್ಕೆಂದು ಬೇರೆ ಸಾಹಿತ್ಯದೊಂದಿಗೆ ಮಾಡಿದ್ದರು. ಇಲ್ಲಿ ಅದಕ್ಕೆ ಎರಡನೆಯ ಜನ್ಮ. ಕೇಳಿ ಕೇಳಿ ಸವೆದುಹೋದ ಹಾಡೆಂದು ಮೂಗು ಮುರಿಯುವವರೂ ಇದ್ದಾರೆ. ನಾಟಕದ ನಿಜವಾದ ಕಸುವು ಇರುವುದು ‘ಹಾರ್ಡ್ ನಾಕ್ ಲೈಫ್’ನಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಎಬ್ಬಿಸಿ ನೆಲ ಉಜ್ಜಲು ಹಚ್ಚಿದ ಹುಡುಗಿಯರು ಬಕೆಟ್ಟು, ಬ್ರಷ್ಷುಗಳನ್ನೇ ವಾದ್ಯ ಮಾಡಿಕೊಂಡು ಸಿಟ್ಟನ್ನು ಕುಟ್ಟಿ ಕುಟ್ಟಿ ಹಾಡುತ್ತಾರೆ. ಬೀಸುವಾಗ, ಕುಟ್ಟುವಾಗ ಪದ ಹೇಳಿಕೊಂಡವರ ಮನೆಯಲ್ಲಿ ಬೆಳೆದವರಿಗೆ ಈ ಹಾಡಿನ ಒಳಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಯೇ ಮಿಸ್ ಹ್ಯಾನಿಗನ್. ಮಕ್ಕಳ ಸಹವಾಸವೇ ಸಾಕಪ್ಪಾ ಎಂದು ಬಾಟಲಿ ಹಿಡಿದು ಹಾಡುವ ಅವಳನ್ನು ಕಂಡರೆ ಮಕ್ಕಳೇ ಬಿದ್ದು ಬಿದ್ದು ನಗುತ್ತಾರೆ. 1977ರಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿಗೆ ಆ್ಯನಿ ಮತ್ತು ಹ್ಯಾನಿಗನ್ ಇಬ್ಬರ ಹೆಸರೂ ಇತ್ತು. ಗೆದ್ದದ್ದು ಹ್ಯಾನಿಗನ್ ಆಗಿದ್ದ ಡೊರೊಥಿ ಲೌಡನ್. ತೀರ್ಪು ಸರಿಯಾಗಿಯೇ ಇತ್ತು.

ಆ ದುಡಿಮೆಯ ಹಾಡಿಗೆ ಮುಂದೆ ವಿಚಿತ್ರ ವಾರಸುದಾರನೊಬ್ಬ ಸಿಕ್ಕಿದ. ಬ್ರೂಕ್ಲಿನ್ನಿನ ಬಡಾವಣೆಯಲ್ಲಿ ಬೆಳೆದ ರ‍್ಯಾಪ್ ಗಾಯಕ ಜೇ-ಝೀ 1998ರಲ್ಲಿ ಅದರ ಮೇಳಗಾಯನವನ್ನೇ ಎತ್ತಿಕೊಂಡು ತನ್ನ ಹಾಡು ಕಟ್ಟಿದ. ಬಾಲ್ಯದಲ್ಲಿ ಪ್ರಬಂಧ ಸ್ಪರ್ಧೆ ಗೆದ್ದು ಬ್ರಾಡ್‌ವೇಯಲ್ಲಿ ‘ಆ್ಯನಿ’ ನೋಡಿದ್ದೆನೆಂದು ಹಕ್ಕುದಾರರಿಗೆ ಪತ್ರ ಬರೆದು ಅನುಮತಿ ಪಡೆದ. ಆ ಸ್ಪರ್ಧೆಯ ಕಥೆ ಬರೀ ಬುರುಡೆಯೆಂದು ಅವನೇ 2010ರ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡ. 2014ರಲ್ಲಿ ಕಪ್ಪು ಬಾಲನಟಿ ಕ್ವೆವೆನ್‌ಝನೆ ವಾಲಿಸ್ ಆ್ಯನಿಯಾಗಿ ಹೊಸ ಸಿನಿಮಾ ಬಂದಾಗ ಅದರ ನಿರ್ಮಾಪಕರಲ್ಲಿ ಜೇ-ಝೀಯೂ ಒಬ್ಬ.

ಮುಟ್ಟಿದ್ದೆಲ್ಲ ಚಿನ್ನವಾಯಿತೆಂದೇನೂ ಅಲ್ಲ. ಸಿನಿಮಾ ಹಕ್ಕಿಗೆ ಆ ಕಾಲಕ್ಕೆ ದಾಖಲೆಯೆನಿಸಿದ 95 ಲಕ್ಷ ಡಾಲರ್ ಕೊಟ್ಟು ಜಾನ್ ಹ್ಯೂಸ್ಟನ್ ನಿರ್ದೇಶನದಲ್ಲಿ ತಯಾರಿಸಿದ 1982ರ ಚಿತ್ರ ನಾಟಕದ ಕರ್ತೃಗಳಿಗೇ ಹಿಡಿಸಲಿಲ್ಲ. ಹ್ಯಾನಿಗನ್ ಸೇಡು ತೀರಿಸಿಕೊಳ್ಳುವ, ನಾಟಕದ ಎರಡನೆಯ ಭಾಗ ವಾಷಿಂಗ್ಟನ್ನಿನಲ್ಲಿ ಮುಗ್ಗರಿಸಿ 1990ರ ಜನವರಿಯಲ್ಲಿ ಅಲ್ಲಿಗೇ ನಿಂತುಹೋಯಿತು, ಬ್ರಾಡ್‌ವೇ ಕಾಣಲೇ ಇಲ್ಲ.

ನಾಟಕದೊಳಗೂ ಒಂದು ಬಿರುಕಿದೆ. ದೇಶದ ಬಡತನಕ್ಕೆ ರೂಸ್‌ವೆಲ್ಟ್ ಸರ್ಕಾರದ ಯೋಜನೆ ಬೇಕೆಂದು ಹಾಡುವ ನಾಟಕ, ಆ್ಯನಿಯೊಬ್ಬಳ ಬಡತನವನ್ನು ನೀಗಿಸುವುದು ಮಾತ್ರ ಕೋಟ್ಯಧೀಶನ ಕಾರಿನಿಂದ. ಗ್ರೇ ನಂಬಿದ್ದ ಕರುಣಾಳು ಶ್ರೀಮಂತ ಹಿಂಬಾಗಿಲಿನಿಂದ ಒಳಬಂದು ಕೂತೇ ಬಿಟ್ಟಿದ್ದಾನೆ. ಆ್ಯನಿಗೆ ಸಂಪುಟ ಸಭೆಯ ಬಾಗಿಲು ತೆರೆಯುವುದು ಕೂಡ ವಾರ್‌ಬಕ್ಸ್‌ಗೆ ಅಧ್ಯಕ್ಷರ ಸಲಿಗೆ ಇರುವುದರಿಂದಲೇ. ಉಳಿದ ಅನಾಥ ಹುಡುಗಿಯರಿಗೂ ಕೊನೆಗೆ ಒಳ್ಳೆಯದಾಗುತ್ತದೆ ಎಂದು ತೋರಿಸುತ್ತಾರೆ. ಅದು ತರಾತುರಿಯಲ್ಲಿ ಹೇಳಿ ಮುಗಿಸಿದ ಮಾತಿನಂತಿದೆ. ಇಷ್ಟಾದರೂ ಈ ಬಿರುಕಿನಿಂದಲೇ ನಾಟಕಕ್ಕೆ ಎರಡು ಕಡೆಯ ಪ್ರೇಕ್ಷಕರು ದಕ್ಕಿದರು. ಸರ್ಕಾರವನ್ನು ನಂಬುವವನೂ ಸಾಹುಕಾರನನ್ನು ನಂಬುವವನೂ ಒಟ್ಟಿಗೆ ಕೂತು ಚಪ್ಪಾಳೆ ತಟ್ಟಬಲ್ಲ ನಾಟಕಗಳು ಹೆಚ್ಚಿಲ್ಲ.

ಈಗ ‘ಆ್ಯನಿ’ಯ ನಿಜವಾದ ಮನೆ ಶಾಲೆಗಳ ವೇದಿಕೆ. ನಾಟಕದ ಹಕ್ಕು ಹೊಂದಿರುವ ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್ ಸಂಸ್ಥೆ ‘ಆ್ಯನಿ ಜೂನಿಯರ್’ ಎಂಬ ಆವೃತ್ತಿಯನ್ನು ಶಾಲೆಗಳಿಗೆ ಪರವಾನಗಿ ಮೇಲೆ ಕೊಡುತ್ತದೆ. ಸುಮಾರು ಒಂದು ಗಂಟೆಗೆ ಇಳಿಸಿದ ಪಠ್ಯ, ಎಳೆಯ ಗಂಟಲಿಗೆ ಹೊಂದುವಂತೆ ತಗ್ಗಿಸಿದ ಶ್ರುತಿ, ವಾದ್ಯವೃಂದವಿಲ್ಲದ ಊರಿಗೆಂದು ಧ್ವನಿಮುದ್ರಿತ ಹಿನ್ನೆಲೆ ಸಂಗೀತ, ಎಲ್ಲವೂ ಅದರಲ್ಲಿ ಸೇರಿರುತ್ತವೆ. ಮೇಷ್ಟ್ರುಗಳಿಗೆ ಇದು ಹಿಡಿಸಲು ಇನ್ನೊಂದು ಕಾರಣವಿದೆ. ಒಂದಿಡೀ ತರಗತಿಯ ಹುಡುಗಿಯರನ್ನು ಅನಾಥಾಲಯದಲ್ಲಿ ತುಂಬಬಹುದು. ಯಾರನ್ನೂ ಮರವಾಗಿಯೋ ಬಂಡೆಯಾಗಿಯೋ ನಿಲ್ಲಿಸಬೇಕಾಗಿಲ್ಲ. ಪ್ರತಿಯೊಬ್ಬಳಿಗೂ ಒಂದು ಬಕೆಟ್ಟು, ಒಂದು ಸಿಡುಕು, ಹಾಡಿನಲ್ಲೊಂದು ಪಾಲು.

ಮೂವರು ಕರ್ತೃಗಳೂ ಇಂದು ಇಲ್ಲ. ಮೀಹನ್ 2017ರಲ್ಲಿ, ಚಾರ್ನಿನ್ 2019ರಲ್ಲಿ, ಸ್ಟ್ರೌಸ್ 2025ರ ಮೇ ತಿಂಗಳಲ್ಲಿ ನಿಧನರಾದರು. ಗ್ರೇ ಆರಂಭಿಸಿದ ಚಿತ್ರಪಟ್ಟಿಗೆ ನಾಟಕದ ಯಶಸ್ಸಿನಿಂದ 1979ರಲ್ಲಿ ಹೊಸ ಉಸಿರು ಬಂದಿತ್ತಾದರೂ ಕಡೆಗೆ ಅದನ್ನು ಅಚ್ಚು ಹಾಕುವ ಪತ್ರಿಕೆಗಳೇ ಬೆರಳೆಣಿಕೆಗೆ ಇಳಿದವು. 2010ರ ಜೂನ್ 13ರಂದು ಅದು ನಿಂತಾಗ ಆ್ಯನಿ ದುಷ್ಟನೊಬ್ಬನ ಸೆರೆಯಲ್ಲಿದ್ದಳು, ಕಥೆ ಅರ್ಧಕ್ಕೇ ಕಡಿದಿತ್ತು. ಅವಳನ್ನು ಬಿಡಿಸಿ ವಾರ್‌ಬಕ್ಸ್‌ಗೆ ಒಪ್ಪಿಸುವ ಕೆಲಸವನ್ನು 2014ರಲ್ಲಿ ‘ಡಿಕ್ ಟ್ರೇಸಿ’ ಎಂಬ ಪತ್ತೇದಾರಿ ಚಿತ್ರಪಟ್ಟಿ ತನ್ನ ಪುಟಗಳಲ್ಲಿ ಮಾಡಿ ಮುಗಿಸಿತು.